ಎರಡನೇ ಪ್ರಶ್ನೆಗೆ ತರಬೇತಿ ಇದೆಯಾ?

ಉಡುತಡಿಯವರಿಗೆ ಮಾತಾಡಲು ಕಲಿಸುತ್ತೇವೆ ಎಂದು ಹೊರಡುವವರ ಧೈರ್ಯ ಮೆಚ್ಚಬೇಕಾದ್ದೇ. ಇದು ಅಕ್ಕಮಹಾದೇವಿ ಹುಟ್ಟಿದ ಊರು ಸ್ವಾಮಿ! ಅಲ್ಲಮಪ್ರಭುವಿನ ಬಳ್ಳಿಗಾವಿ ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಇಬ್ಬರೂ ಒಂದೇ ಸಂತೆಗೆ ಬರಬಹುದಾಗಿದ್ದವರು. ಭೇಟಿಯಾದದ್ದು ಮಾತ್ರ ದೂರದ ಕಲ್ಯಾಣದಲ್ಲಿ. ಪಕ್ಕದ ಓಣಿಯವರು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲೇ ಸಿಗುವ ನಮ್ಮ ಕಡೆಯ ಚಾಳಿ ಹನ್ನೆರಡನೇ ಶತಮಾನದಲ್ಲೇ ಶುರುವಾಗಿತ್ತು ಅಂತ ಕಾಣುತ್ತದೆ. ಅಲ್ಲಿ ಅಲ್ಲಮ ಅಕ್ಕನಿಗೆ ಹಾಕಿದ ಪ್ರಶ್ನೆಗಳನ್ನು ಶೂನ್ಯಸಂಪಾದನೆಯವರು ಬರೆದಿಟ್ಟಿದ್ದಾರೆ. ಈಗಿನ ಪಿಎಚ್.ಡಿ. ಮೌಖಿಕ ಪರೀಕ್ಷೆ ಅದರ ಮುಂದೆ ಬರೀ ಚಹಾ ಬಿಸ್ಕತ್ತಿನ ಕಾರ್ಯಕ್ರಮ. ಒಂದು ಪ್ರಶ್ನೆಗೆ ಉತ್ತರ ಬಂತು ಅನ್ನುವಷ್ಟರಲ್ಲಿ, ಆ ಉತ್ತರದ ಬಾಲ ಹಿಡಿದು ಎರಡನೇ ಪ್ರಶ್ನೆ. ಅದಕ್ಕೂ ಉತ್ತರ ಬಂದರೆ ಮೂರನೆಯದು. ಅಕ್ಕ ಸ್ಲೈಡ್ ತೋರಿಸಲಿಲ್ಲ, ‘ಒಳ್ಳೆಯ ಪ್ರಶ್ನೆ ಕೇಳಿದಿರಿ, ಧನ್ಯವಾದಗಳು’ ಅಂತ ಕಾಲ ತಳ್ಳಲಿಲ್ಲ, ‘ಸಮಯದ ಅಭಾವದಿಂದ’ ಅಂತ ಜಾರಿಕೊಳ್ಳಲೂ ಇಲ್ಲ.

ತರಬೇತಿ ಕೇಂದ್ರವೂ ನಮಗೆ ಹೊಸದಲ್ಲ. ಬಳ್ಳಿಗಾವಿಯ ಕೋಡಿಯಮಠದಲ್ಲಿ ಏನೇನು ಕಲಿಸುತ್ತಿದ್ದರು ಅಂತ 1162ರ ಶಾಸನವೊಂದು ಉದ್ದಕ್ಕೆ ಪಟ್ಟಿ ಕೊಡುತ್ತದೆ: ವೇದ, ಹಲವು ವ್ಯಾಕರಣಗಳು, ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ. ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಬಡವರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಕುಣಿಯುವವರಿಗೆ ಊಟ; ರೋಗಿಗಳಿಗೆ ಔಷಧಿ. ಈಗಿನ ಕಮ್ಮಟಗಳ ಆಮಂತ್ರಣದಲ್ಲೂ ಜನ ಮೊದಲು ಹುಡುಕುವ ಸಾಲು ಊಟದ್ದೇ. ಇನ್ನು ತಾಳಗುಂದದಲ್ಲಿ ಶಾಂತಿವರ್ಮನ ಕಾಲದ ಕುಬ್ಜನೆಂಬ ಕವಿ ಕದಂಬರ ಕುಲದ ಕಥೆಯನ್ನು ಒಂದು ಕಂಬಕ್ಕೆ ಹಿಡಿಸಿದ್ದಾನೆ. ಅಳಿಸಿ ಬರೆಯುವ ಸೌಕರ್ಯ ಕಲ್ಲಿನಲ್ಲಿ ಇಲ್ಲ, ಜಾಗ ಕಂಬದಷ್ಟೇ. ಪದಮಿತಿ ಅಂದರೆ ಅದು!

ಇಂಥ ಸೀಮೆಯ ಹುಡುಗಿ, ನನ್ನ ಅಣ್ಣನ ಮಗಳು, ಶಂಕರಘಟ್ಟದಲ್ಲಿ ಎಂ.ಎಸ್ಸಿ. ಮುಗಿಸಿ ‘ವಿಜ್ಞಾನ ಸಂವಹನಕಾರರಿಗೆ ವೃತ್ತಿಕೌಶಲ ತರಬೇತಿ’ ಅನ್ನುವುದಕ್ಕೆ ಬೆಂಗಳೂರಿಗೆ ಹೋಗಿ ಬಂದಳು. ನಮ್ಮ ದೊಡ್ಡಪ್ಪನಿಗೆ ಇದು ಹಿಡಿಸಲೇ ಇಲ್ಲ. ಅವರ ಪ್ರಕಾರ ತರಬೇತಿ ಬೇಕಾಗಿರುವುದು ಟ್ರ್ಯಾಕ್ಟರ್ ಓಡಿಸುವುದಕ್ಕೆ, ಅಡಿಕೆ ಮರ ಹತ್ತುವುದಕ್ಕೆ. “ಮಾತಾಡೋದಕ್ಕೂ ಫೀಸಾ? ನಿಮ್ಮಜ್ಜಿಗೆ ಯಾರು ತರಬೇತಿ ಕೊಟ್ಟಿದ್ರು? ಅವಳ ಬಾಯಿ ಮುಚ್ಚಿಸೋ ತರಬೇತಿ ಇದ್ದಿದ್ರೆ ನಾನು ಆಗಲೇ ದುಡ್ಡು ಕಟ್ತಿದ್ದೆ.” ಒಳಗಿನಿಂದ ದೊಡ್ಡಮ್ಮನ ಉತ್ತರವೂ ಬಂತು, ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಫೀಸು ಕೊಟ್ಟು ಮಾತು ಕಲಿಯುವುದು ಅವಮಾನವೇನಲ್ಲ ಅಂತ ನಾನು ನಡುವೆ ಬಾಯಿ ಹಾಕಿದೆ. ಲಂಡನ್ನಿನ ಮೈಕೇಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿದು ಮೇಲೆ ಬಂದವನು. ದುಡ್ಡು ಕೊಟ್ಟು ಭಾಷಣದ ಪಾಠ ಹೇಳಿಸಿಕೊಂಡ. ಮಾತಿನ ಭರದಲ್ಲಿ ಓಡತೊಡಗಿದರೆ ‘ನಿಧಾನ’ ಅಂತ ಬರೆದ ಚೀಟಿಯನ್ನು ತನ್ನ ಮುಂದೆ ಇಡಲು ಸಹಾಯಕನಿಗೆ ಹೇಳಿಟ್ಟಿದ್ದನಂತೆ. ಅಷ್ಟು ದೊಡ್ಡ ವಿಜ್ಞಾನಿ, ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸ ಮಾಡಿ ಹೆಸರಾದವನು, ಅವನಿಗೇ ಚೀಟಿ ಬೇಕಾಯಿತು. ದೊಡ್ಡಪ್ಪ ಕೇಳಿಸಿಕೊಂಡು, “ಹಂಗಾದ್ರೆ ನಮ್ಮ ಗ್ರಾಮಸಭೆಯಲ್ಲೂ ಒಂದು ಚೀಟಿ ಇಡ್ಬೇಕು. ನಿಧಾನ ಅಂತ ಅಲ್ಲ, ಸಾಕು ಅಂತ” ಅಂದರು.

ತರಬೇತಿಯಲ್ಲಿ ಕಲಿಸಿದ್ದು ಕಡಿಮೆಯೇನಲ್ಲ. ಕಠಿಣ ಪದ ಬಿಡಿ, ಕಥೆ ಹೇಳಿ, ಸಭಿಕರನ್ನು ನೋಡಿ ಮಾತಾಡಿ, ಅಂಕಿ ಎರಡಕ್ಕಿಂತ ಹೆಚ್ಚು ಬೇಡ. ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡಿನಲ್ಲಿ ಇಡೀ ಪ್ರಬಂಧ ಹೇಳಿ ಮುಗಿಸುವ ಸ್ಪರ್ಧೆಯೂ ಇತ್ತಂತೆ. ಅದನ್ನು 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಶುರು ಮಾಡಿದ್ದು, ಈಗ ಊರೂರಿಗೆ ಹಬ್ಬಿದೆ. ಇನ್ನೊಂದು ಪಾಠ: ಲಿಫ್ಟಿನಲ್ಲಿ ಮಂತ್ರಿಗಳು ಸಿಕ್ಕರೆ, ಅವರ ಮಹಡಿ ಬರುವುದರೊಳಗೆ ನಿಮ್ಮ ಸಂಶೋಧನೆಯನ್ನು ಹೇಳಿಬಿಡಿ. ಶಿರಾಳಕೊಪ್ಪದಲ್ಲಿ ಮಂತ್ರಿಗಳು ಸಿಗಬಹುದು, ಲಿಫ್ಟ್ ಎಲ್ಲಿಂದ ತರೋಣ?

ನಟನೆಯ ಪಾಠವೂ ಇತ್ತು. ಇದಕ್ಕೆ ಮೂಲಪುರುಷ ಅಮೆರಿಕದ ನಟ ಅಲನ್ ಆಲ್ಡಾ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಹುಟ್ಟಿದ ವಿಜ್ಞಾನ ಸಂವಹನ ಕೇಂದ್ರಕ್ಕೆ ಈಗ ಅವರದೇ ಹೆಸರಿದೆ. ಬರೆದಿಟ್ಟ ಸಂಭಾಷಣೆ ಇಲ್ಲದೆ ಎದುರಿನವನ ಮಾತು ಕೇಳಿ ಆ ಕ್ಷಣಕ್ಕೆ ಉತ್ತರ ಹುಟ್ಟಿಸುವ ನಾಟಕದಾಟವನ್ನು ಅಲ್ಲಿ ವಿಜ್ಞಾನಿಗಳಿಗೆ ಆಡಿಸುತ್ತಾರೆ. ಮಗಳು ಇದನ್ನು ಬಹಳ ಹುರುಪಿನಿಂದ ಹೇಳಿದಳು. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, “ತಾಳಮದ್ದಲೆ ಅನ್ನು” ಅಂದರು. ಹೌದಲ್ಲ! ಅರ್ಥಧಾರಿಗೆ ಬರೆದುಕೊಟ್ಟ ಮಾತಿಲ್ಲ. ಎದುರಿಗೆ ಕೂತ ಕರ್ಣ ಏನು ಕೇಳುತ್ತಾನೋ ಕೃಷ್ಣನಿಗೆ ಮೊದಲೇ ಗೊತ್ತಿರುವುದಿಲ್ಲ. ಸೊರಬ, ಸಾಗರದ ಕಡೆ ಇದನ್ನು ರಾತ್ರಿಯಿಡೀ, ಫೀಸು ಇಲ್ಲದೆ, ಉಪ್ಪಿಟ್ಟಿನ ಸಮೇತ ಆಡುತ್ತಿದ್ದರು. ಆಲ್ಡಾ ಅವರಿಗೆ ಯಾರೂ ಹೇಳಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ಅವಳ ಮೊದಲ ಪ್ರಯೋಗ ನಮ್ಮನೆ ಜಗಲಿಯಲ್ಲೇ ನಡೆಯಿತು. ವಿಷಯ ಮಂಗನ ಕಾಯಿಲೆ. ಇದಕ್ಕಿಂತ ಹತ್ತಿರದ ವಿಷಯ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಕ್ಯಾಸನೂರು ಇರುವುದೇ ಸೊರಬ ತಾಲ್ಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು, ಊರವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗ ಸಾಯುತ್ತಿದೆ, ಮನುಷ್ಯನೂ ಸಾಯುತ್ತಿದ್ದಾನೆ ಅಂದರೆ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ದಿಗಿಲು ಮೊದಲು. ನೋಡಿದರೆ ಅದಲ್ಲ, ಉಣುಗಿನಿಂದ ಬರುವ ಬೇರೆಯೇ ವೈರಸ್. ರಷ್ಯಾದ ಕಡೆಯ ಒಂದು ರೋಗದ ನಂಟು ಕಂಡದ್ದರಿಂದ, ವಲಸೆ ಹಕ್ಕಿಗಳ ಮೈಮೇಲೆ ಉಣುಗು ಕೂತು ಬಂದಿತೇ ಎಂಬ ಅನುಮಾನವೂ ಎದ್ದಿತು. 1959ರಲ್ಲಿ ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿದದ್ದರ ಹಿಂದೆ ಈ ಅನುಮಾನವಿತ್ತು. ನಮ್ಮ ಗುಡವಿಯ ಕೆರೆಗೆ ಬರುವ ಹಕ್ಕಿಗಳನ್ನು ನೋಡುವ ಪ್ರವಾಸಿಗರಿಗೆ ಈ ಕಥೆ ಹೇಳುವವರೇ ಇಲ್ಲ. ಹೇಳಿದರೆ ಐಸ್‌ಕ್ರೀಂ ಮಾರುವವನ ವ್ಯಾಪಾರ ಬಿದ್ದುಹೋದೀತು ಅಂತಲೋ ಏನೋ.

ಮಗಳು ಚೆನ್ನಾಗಿಯೇ ಶುರು ಮಾಡಿದಳು. ಸಭಿಕರನ್ನು ನೋಡಿದಳು, ಕಠಿಣ ಪದ ಬಿಟ್ಟಳು, ಕ್ಯಾಸನೂರಿನ ಕಥೆ ಹೇಳಿದಳು. ಮೂರು ನಿಮಿಷಕ್ಕೆ ಸರಿಯಾಗಿ ಕೊನೆಯ ಮಾತು ಬಂತು: ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈಕೈಗೆ ಎಣ್ಣೆ ಹಚ್ಚಿಕೊಂಡು ಹೋಗಿ, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ. ಬೆಂಗಳೂರಿನಲ್ಲಾದರೆ ಇಲ್ಲಿ ಚಪ್ಪಾಳೆ.

ಜಗಲಿಯ ಕಂಬಕ್ಕೆ ಒರಗಿದ್ದ ಸೊರಬದ ನಮ್ಮತ್ತೆ ಚಪ್ಪಾಳೆ ತಟ್ಟುವ ಪೈಕಿಯಲ್ಲ.

“ಕಾಡಿಗೆ ಹೋಗ್ಬೇಡಿ ಅಂದ್ಯಲ್ಲ ಮಾರಾಯ್ತಿ, ಕೊಟ್ಟಿಗೆಗೆ ದರಗು ಯಾರು ತರ್ತಾರೆ?”

ಮಗಳು, “ಆ ಆರು ತಿಂಗಳು ದರಗು ಬಿಟ್ಟು ಬೇರೆ ಏನಾದ್ರೂ...” ಅಂದಳು.

“ದರಗು ಉದುರೋದೇ ಆ ತಿಂಗಳಲ್ಲಿ ಕಣೆ. ಮಳೆಗಾಲದಲ್ಲಿ ಉದುರುತ್ತಾ?”

ಇದು ಎರಡನೇ ಪ್ರಶ್ನೆ. ತರಬೇತಿಯ ಪುಸ್ತಿಕೆಯನ್ನು ನಾನು ಆಮೇಲೆ ಪುಟ ತಿರುವಿ ನೋಡಿದೆ. ಮೊದಲ ಪ್ರಶ್ನೆಗೆ ಉತ್ತರಿಸುವುದು ಹೇಗೆ ಅಂತ ಬಣ್ಣದ ಚಿತ್ರಗಳ ಸಮೇತ ಹೇಳಿದ್ದಾರೆ. ಎರಡನೇ ಪ್ರಶ್ನೆ ಬರುತ್ತದೆ ಅನ್ನುವ ಕಲ್ಪನೆಯೇ ಅದರಲ್ಲಿಲ್ಲ. ಅವರ ಸಭಿಕರು ಬಹುಶಃ ಪ್ರಶ್ನೆ ಕೇಳಿ ಕೂತುಬಿಡುವವರು. ನಮ್ಮವರು ಪ್ರಶ್ನೆ ಕೇಳಿದ ಮೇಲೆ ಎದ್ದು ನಿಲ್ಲುವವರು.

ಅತ್ತೆಯ ಪ್ರಶ್ನೆ ತಲೆಹರಟೆಯಲ್ಲ ಅನ್ನುವುದನ್ನು ಗಮನಿಸಿ. ರೋಗದ ಹೂರಣ ಇರುವುದೇ ಅದರಲ್ಲಿ. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಮರಿ ಉಣುಗು ಹೆಚ್ಚಾಗಿ ಓಡಾಡುವುದು ಮಳೆ ನಿಂತು ಎಲೆ ಉದುರುವ ಕಾಲದಲ್ಲಿ. ಮಲೆನಾಡಿನವರು ಕಾಡಿಗೆ ಹೋಗುವುದೂ ಆಗಲೇ. ದರಗು, ಸೌದೆ, ಸೊಪ್ಪು, ಅಡಿಕೆ ಕೊಯ್ಲು, ಎಲ್ಲ ಒಟ್ಟಿಗೇ. ದೊಡ್ಡ ಉಣುಗು ದನದ ಮೈಮೇಲೆ ಕೂತು ರಕ್ತ ಹೀರಿ ಕಾಡಿನಲ್ಲೇ ಮೊಟ್ಟೆ ಇಡುತ್ತದೆ. ಆದ್ದರಿಂದ ಕಾಡಿಗೆ ದನ ಮೇಯಲು ಬಿಡಬೇಡಿ ಅನ್ನುತ್ತಾರೆ. ಸರಿ, ಮೇವು? ಸತ್ತ ಮಂಗ ಕಂಡರೆ ಸುತ್ತ 50 ಮೀಟರಿಗೆ ಕೀಟನಾಶಕದ ಪುಡಿ ಉದುರಿಸುತ್ತಾರೆ, ಯಾಕೆಂದರೆ ಮಂಗ ಸತ್ತ ಕೂಡಲೇ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಅಲ್ಲೇ ಕಾಯುತ್ತವೆ. ಸರಿ, ಆ 50 ಮೀಟರಿನೊಳಗೆ ನನ್ನ ತೋಟ ಬಂದರೆ ನಾನು ಮತ್ತೆ ತೋಟಕ್ಕೆ ಕಾಲಿಡುವುದು ಯಾವತ್ತು? ಪ್ರತಿ ‘ಸರಿ’ಯ ಹಿಂದೆ ಒಂದು ಪ್ರಶ್ನೆ ಕೂತಿದೆ. ಆಶಾ ಕಾರ್ಯಕರ್ತೆಯರಿಗೆ ಇದು ಗೊತ್ತು. ಉಣುಗು ಹತ್ತದಿರಲೆಂದು ಮೊದಲು ಡಿಎಂಪಿ ಎಣ್ಣೆ, ಈಗ ಡೆಪಾ ಎಣ್ಣೆ ಬಾಟಲಿ ಹಿಡಿದು ಮನೆ ಮನೆ ಹತ್ತಿ ಇಳಿಯುವವರು ಅವರು. ‘ಎಣ್ಣೆ ಹಚ್ಚಿಕೊಂಡರೆ ಮೈ ಉರಿಯುತ್ತೆ’ ಅನ್ನುವವರ ಮುಂದೆ ತಾವೇ ಮೊಣಕಾಲ ಕೆಳಗೆ ಹಚ್ಚಿ ತೋರಿಸುವವರು. ವಿಜ್ಞಾನ ಸಂವಹನ ಅನ್ನುವ ದೊಡ್ಡ ಹೆಸರಿನ ಕೆಲಸವನ್ನು ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಮಾಡಿದವರು ಅವರೇ. ಆದರೆ ತರಬೇತಿಯ ವೇದಿಕೆಯ ಮೇಲೆ ಅವರನ್ನು ಕೂರಿಸಿದ್ದು ನಾನು ಕಂಡಿಲ್ಲ. ಹಿಂದಿನ ಸಾಲಿನಲ್ಲಿ ಕೂರಿಸಿ ಕಲಿಸಿದ್ದನ್ನು ಕಂಡಿದ್ದೇನೆ.

ಆವತ್ತಿನ ಜಗಲಿಗೆ ವಾಪಸು ಬರೋಣ. ಮಗಳು ಜಾಣೆ, ಲಸಿಕೆಯ ಕಡೆಗೆ ಮಾತು ತಿರುಗಿಸಿದಳು. ಅಲ್ಲಿ ಇನ್ನೂ ದೊಡ್ಡ ಗುಂಡಿ ಕಾದಿತ್ತು. ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ನಮ್ಮ ಕಡೆ ದಶಕಗಳ ಕಾಲ ಕೊಟ್ಟರು, 2022ರಲ್ಲಿ ನಿಲ್ಲಿಸಿದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಎರಡು ಡೋಸಿನ ಪರಿಣಾಮ ಶೇ 62.4, ಬೂಸ್ಟರೂ ಸೇರಿದರೆ ಶೇ 82.9. ತರಬೇತಿಯಲ್ಲಿ ಹೇಳಿದಂತೆ ಎರಡೇ ಅಂಕಿ. ಮಗಳು ಸಮಾಧಾನದಿಂದ ಹೇಳಿದಳು.

ದೊಡ್ಡಪ್ಪ ಲೆಕ್ಕದಲ್ಲಿ ಗಟ್ಟಿ; ಮಂಡಿಯವರು ಅಡಿಕೆ ತೂಗುವಾಗ ಮುಳ್ಳಿನ ಮೇಲೇ ಕಣ್ಣಿಟ್ಟವರು. “ಅಂದ್ರೆ ನೂರು ಜನ ಹಾಕಿಸ್ಕೊಂಡ್ರೆ 62 ಜನ ಬಚಾವು, 38 ಜನಕ್ಕೆ ಕಾಯಿಲೆ ಗ್ಯಾರಂಟಿ. ಹಂಗಾದ್ರೆ ಹಾಕಿಸ್ಕೊಳ್ಳದೆ ಇದ್ರೇ ವಾಸಿ. ನಮ್ಮೂರಲ್ಲಿ ಯಾವತ್ತೂ ನೂರಕ್ಕೆ 38 ಜನ ಮಲಗಿದ್ದಿಲ್ಲ.”

ಇದನ್ನು ಕೇಳಿ ನಗಬೇಡಿ. ಪತ್ರಿಕೆಗಳೂ ಹೀಗೇ ಬರೆಯುತ್ತವೆ, ಎಂ.ಎಸ್ಸಿ. ಮಾಡಿದವರೂ ಹೀಗೇ ತಿಳಿದಿರುತ್ತಾರೆ. ಕೊರೋನಾ ಕಾಲದಲ್ಲಿ ಇಡೀ ದೇಶವೇ ಈ ಲೆಕ್ಕದಲ್ಲಿ ಎಡವಿತು. ಅಂಕಿ ಸರಿಯಿದೆ, ಶೇಕಡಾ ಯಾವುದರ ಶೇಕಡಾ ಅಂತ ಹೇಳದೆ ಬಿಟ್ಟದ್ದರಿಂದ ಸರಿಯಾದ ಅಂಕಿಯೇ ಸುಳ್ಳು ಹೇಳಿತು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ದೊಡ್ಡಪ್ಪನ ಎಲೆ ಅಡಿಕೆ ತಟ್ಟೆಯನ್ನು ಎಳೆದುಕೊಂಡಳು. ಇದನ್ನು ಯಾವ ತರಬೇತಿಯಲ್ಲಿ ಕಲಿತಳೋ ತಿಳಿಯದು.

“ಅಜ್ಜ, ಎರಡು ಊರು ಅಂದ್ಕೊಳಿ. ಎರಡೂ ಒಂದೇ ಅಳತೆ, ಅಷ್ಟೇ ಜನ, ಅದೇ ಕಾಡು, ಅದೇ ಉಣುಗು. ಈ ಕಡೆ ಊರಲ್ಲಿ ಒಬ್ರೂ ಲಸಿಕೆ ಹಾಕಿಸಿಲ್ಲ.” ಹತ್ತು ಅಡಿಕೆ ಹೋಳು ಎಣಿಸಿ ಒಂದು ಎಲೆಯ ಮೇಲಿಟ್ಟಳು. “ಇವರು ಕಾಯಿಲೆ ಬಿದ್ದೋರು, ಹತ್ತು ಜನ. ಊರಲ್ಲಿ ಸಾವಿರ ಜನ ಇರ್ಲಿ, ಎರಡು ಸಾವಿರ ಇರ್ಲಿ, ಬಿದ್ದೋರು ಹತ್ತು. ಆ ಕಡೆ ಊರಲ್ಲಿ ಎಲ್ಲಾರೂ ಎರಡು ಡೋಸ್ ಹಾಕಿಸಿದಾರೆ. ಅಲ್ಲಿ ಎಷ್ಟು ಜನ ಬೀಳ್ತಾರೆ?” ಇನ್ನೊಂದು ಎಲೆಯ ಮೇಲೆ ನಾಲ್ಕು ಹೋಳು ಇಟ್ಟಳು. “ಹತ್ತಿರ ಹತ್ತಿರ ನಾಲ್ಕು. ಬೂಸ್ಟರೂ ಹಾಕಿಸಿದ್ರೆ ಎರಡು.” ಎರಡು ಹೋಳು ತೆಗೆದಳು. “ಎರಡು ಡೋಸಿಗೆ ಶೇಕಡಾ 62 ಅಂದ್ರೆ ಹತ್ತು ಇದ್ದಿದ್ದು ನಾಲ್ಕಾಗೋದು. ನೂರಕ್ಕೆ 38 ಜನ ಬೀಳ್ತಾರೆ ಅಂತ ಅಲ್ಲ.”

ದೊಡ್ಡಪ್ಪ ಎರಡು ಎಲೆಗಳನ್ನೂ ನೋಡಿದರು. “ಹೌದಾ! ಹಂಗಾದ್ರೆ ಅದನ್ನ ಹಂಗೇ ಹೇಳೋದು ತಾನೆ?” ಅಂದರು. ಆಮೇಲೆ ಕಾಯಿಲೆ ಬಿದ್ದ ಹತ್ತು ಜನರ ಪೈಕಿ ಇಬ್ಬರನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ಅತ್ತೆ: “ಅಷ್ಟು ಚೊಲೋ ಇದ್ರೆ ನಿಲ್ಸಿದ್ದು ಯಾಕೆ?”

ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಸಿಗುವ ಬಹುಮಾನ ಮೂರನೇ ಪ್ರಶ್ನೆ.

ಅತ್ತೆಯ ಪ್ರಶ್ನೆಯನ್ನು ಜಗಲಿಯಲ್ಲೇ ಬಿಟ್ಟು ನಾನು ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಎರಡನೇ ಪ್ರಶ್ನೆಯ ಮಾತಿಗೆ ಕೊಲ್ಮನ್ ಸಾಹೇಬರ ನೆನಪಾಯಿತು. ಲೆಸ್ಲಿ ಕೊಲ್ಮನ್ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆಯ ಕೊಳೆ ರೋಗದ ಬೆನ್ನು ಹತ್ತಿ 1910ರಲ್ಲಿ ವರದಿ ಬರೆದರು, ಬೋರ್ಡೋ ದ್ರಾವಣ ಹೊಡೆಯುವುದನ್ನು ಇಲ್ಲಿ ರೂಢಿಗೆ ತಂದರು. ಆ ದ್ರಾವಣದ ಜಾತಕವೂ ಮಜವಾಗಿದೆ. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ರಸ್ತೆ ಪಕ್ಕದ ಹಣ್ಣು ಕದಿಯುವವರಿಗೆ ಅಸಹ್ಯ ಆಗಲಿ ಅಂತ ಮೈಲುತುತ್ತು, ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ಬರಲಿಲ್ಲ. 1882ರ ಸುಮಾರಿಗೆ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಗಮನಿಸಿದ. ಕಳ್ಳನಿಂದ ಹುಟ್ಟಿದ ಔಷಧಿ!

ಈಗ ನೋಡಿ, ನಮ್ಮ ತೋಟಗಳಲ್ಲಿ ಮುಂಗಾರು ಹಿಡಿಯುವ ಮೊದಲು ಔಷಧಿ ಹೊಡೆಯುವ ದಿನ. ಕೊನೆಗೌಡ ಮರ ಹತ್ತಲು ತಯಾರಾಗಿ ಕೂತಿದ್ದಾನೆ. ಒಂದು ಡ್ರಮ್ಮಿನಲ್ಲಿ ಒಂದು ಕೆಜಿ ಮೈಲುತುತ್ತು ಕರಗಿಸಿದ ನೀರು, ಇನ್ನೊಂದರಲ್ಲಿ ಒಂದು ಕೆಜಿ ಸುಣ್ಣದ ತಿಳಿ. ಎರಡನ್ನೂ ಸೇರಿಸಿ ನೂರು ಲೀಟರು. ಆಕಾಶದ ಬಣ್ಣ ಬಂತು. ಇನ್ನೇನು ಹೊಡೆಯಬೇಕು, ಯಜಮಾನ ಸೊಂಟದ ಕತ್ತಿ ತೆಗೆದು ಅದರ ಹೊಳೆಯುವ ಬಾಯನ್ನು ದ್ರಾವಣಕ್ಕೆ ಅದ್ದಿ ಹಿಡಿಯುತ್ತಾನೆ. ಹೊರಗೆ ತೆಗೆದು ಬೆಳಕಿಗೆ ತಿರುಗಿಸುತ್ತಾನೆ. ಕಬ್ಬಿಣದ ಮೇಲೆ ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡುಬೀಸಾಗಿ ಓಡಾಡುತ್ತಿದೆ, ಹೊಡೆದರೆ ಕಾಯಿ ಸುಡುತ್ತದೆ. ಇನ್ನೊಂದು ಬೊಗಸೆ ಸುಣ್ಣ. ಮತ್ತೆ ಕತ್ತಿ. ಈ ಸಲ ಬರೀ ಕಬ್ಬಿಣ ಹೊಳೆಯಿತು. “ಹಾಂ, ಹತ್ತು” ಅನ್ನುತ್ತಾನೆ ಕೊನೆಗೌಡನಿಗೆ.

ಇದರಲ್ಲಿ ಪಾಠ ಎಲ್ಲಿದೆ, ಭಾಷಣ ಎಲ್ಲಿದೆ? ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆಳೆಯುವ ರಸಾಯನಶಾಸ್ತ್ರ ಹೈಸ್ಕೂಲು ಪುಸ್ತಕದಲ್ಲಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಸಂಜೆ ಮರೆಯುತ್ತಾರೆ. ತೋಟದಲ್ಲಿ ಮಾತ್ರ ಅದು ನೂರು ವರ್ಷದಿಂದ ಕತ್ತಿಯ ತುದಿಯಲ್ಲಿ ಉಳಿದಿದೆ. ಯಾಕೆ ಉಳಿಯಿತು ಅಂದರೆ, ಎರಡನೇ ಪ್ರಶ್ನೆಯನ್ನು ಯಾರಿಗೂ ಕೇಳಬೇಕಾಗಿಲ್ಲ, ಕತ್ತಿಗೇ ಕೇಳಬಹುದು. ‘ಸುಣ್ಣ ಸಾಕಾ?’ ಅಂತ ಕೃಷಿ ಅಧಿಕಾರಿಗೆ ಫೋನು ಮಾಡಿದರೆ ಅವರು ಮೀಟಿಂಗಿನಲ್ಲಿರುತ್ತಾರೆ. ಈಚಿನ ಎಲೆಚುಕ್ಕಿ ರೋಗಕ್ಕೆ ಇಂಥದೊಂದು ಕತ್ತಿ ಸಿಕ್ಕಿಲ್ಲ. ಅದಕ್ಕೇ ಆ ವಿಚಾರಕ್ಕೆ ಸಭೆಗಳು ಜಾಸ್ತಿ, ವಾಟ್ಸಾಪಿನಲ್ಲಿ ಔಷಧಿಗಳೂ ಜಾಸ್ತಿ. ಒಂದು ಗುಂಪಿನಲ್ಲಿ ಮಜ್ಜಿಗೆ ಹೊಡೆಯಿರಿ ಅನ್ನುತ್ತಾರೆ, ಇನ್ನೊಂದರಲ್ಲಿ ಮಂತ್ರಿಸಿದ ಮಜ್ಜಿಗೆ.

ಅಡಿಕೆಯ ಮಾತು ಬಂದ ಮೇಲೆ ಪುತ್ತೂರಿನ ‘ಅಡಿಕೆ ಪತ್ರಿಕೆ’ಯನ್ನು ಬಿಡುವಂತಿಲ್ಲ. 1988ರಲ್ಲಿ ಹುಟ್ಟಿದ್ದು, ಶ್ರೀಪಡ್ರೆಯವರು ಕಟ್ಟಿ ಬೆಳೆಸಿದ್ದು. ಅದರ ಮಂತ್ರ ‘ಕೃಷಿಕರ ಕೈಗೆ ಲೇಖನಿ’. ವಿಜ್ಞಾನಿ ಬರೆದದ್ದನ್ನು ರೈತ ಓದಲಿ ಅನ್ನುವ ಬದಲು, ತೋಟದಲ್ಲಿ ಮಾಡಿ ನೋಡಿದವನೇ ಬರೆಯಲಿ ಅಂತ ಕಮ್ಮಟ ಮಾಡಿ ಬರೆಯಲು ಕಲಿಸಿದರು. ನನ್ನ ಮಟ್ಟಿಗೆ ಕನ್ನಡದಲ್ಲಿ ನಡೆದ ವಿಜ್ಞಾನ ಬರವಣಿಗೆ ತರಬೇತಿಗಳಲ್ಲಿ ಇದೇ ಮೇಲು. ಕಾರಣ ಸರಳ: ಬರೆದವನ ತೋಟಕ್ಕೆ ಓದಿದವನು ಬಸ್ಸು ಹತ್ತಿ ಬಂದು ನಿಲ್ಲುತ್ತಾನೆ. ‘ಎಲ್ಲಿ ತೋರ್ಸಿ’ ಅನ್ನುತ್ತಾನೆ. ಹಾಗೆ ಬರುತ್ತಾನೆ ಅಂತ ಗೊತ್ತಿದ್ದವನು ಹೆಚ್ಚಾಗಿ ಸುಳ್ಳು ಬರೆಯುವುದಿಲ್ಲ. ಇಳುವರಿಯನ್ನು ಒಂದು ಚೂರು ಏರಿಸಿ ಹೇಳಬಹುದು, ಅದು ಕೃಷಿಕನ ಜನ್ಮಸಿದ್ಧ ಹಕ್ಕು.

ಇನ್ನು ವೃತ್ತಿಕೌಶಲದಲ್ಲಿ ‘ವೃತ್ತಿ’ಯ ಕಥೆ. ಕನ್ನಡದಲ್ಲಿ ವಿಜ್ಞಾನ ಬರೆಯುವುದು ವೃತ್ತಿಯಾಗಿ ಯಾರಿಗೆ ಅನ್ನ ಹಾಕಿದೆ ಅಂತ ದೊಡ್ಡಪ್ಪ ಕೇಳಿದಾಗ ನಾನು ಬೆರಳು ಮಡಿಸಲು ಹೊರಟೆ. 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಪತ್ರಿಕೆ ಎರಡು ವರ್ಷಕ್ಕೆ ಉಸಿರು ಬಿಟ್ಟಿತು. ಜೆ.ಆರ್. ಲಕ್ಷ್ಮಣರಾಯರು ರಸಾಯನಶಾಸ್ತ್ರದ ಮೇಷ್ಟ್ರು. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರಿಗೆ ಮದರಾಸಿನಲ್ಲಿ ಸರ್ಕಾರಿ ಸಂಬಳ. ತೇಜಸ್ವಿಯವರಿಗೆ ಕಾಫಿ ತೋಟ. ನಾಗೇಶ ಹೆಗಡೆಯವರಿಗೆ ಪತ್ರಿಕೆಯ ಕೆಲಸ, ಟಿ.ಆರ್. ಅನಂತರಾಮು ಅವರಿಗೆ ಭೂವೈಜ್ಞಾನಿಕ ಸರ್ವೇಕ್ಷಣೆ, ಕೊಳ್ಳೇಗಾಲ ಶರ್ಮರಿಗೆ ಮೈಸೂರಿನ ಸಿಎಫ್‌ಟಿಆರ್‌ಐ. ಕಾರಂತರು ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕೂತು ಬರೆದರು, ಅವರ ಮಾತು ಬಿಡಿ, ಅವರು ಮಾಡದ ಕೆಲಸವೇ ಇಲ್ಲ. ಬೆರಳು ಮುಗಿದವು, ವಿಜ್ಞಾನ ಬರೆದೇ ಅಕ್ಕಿ ತಂದವರು ಒಬ್ಬರೂ ಸಿಗಲಿಲ್ಲ. ಸರ್ಕಾರ ಸಾಕುತ್ತದೆ ಅಂದುಕೊಂಡರೆ, ದೆಹಲಿಯಲ್ಲಿ 1989ರಲ್ಲಿ ಕಟ್ಟಿದ ‘ವಿಜ್ಞಾನ ಪ್ರಸಾರ್’ ಸಂಸ್ಥೆಗೇ 2023ರಲ್ಲಿ ಬಾಗಿಲು ಹಾಕಿದರು.

ತರಬೇತಿಯವರನ್ನು ಇದೊಂದು ವಿಷಯಕ್ಕೆ ನಾನು ಬಾಯ್ತುಂಬ ಹೊಗಳುತ್ತೇನೆ. ಸಂಭಾವನೆ ಎಷ್ಟು ಅಂತ ಮೊದಲೇ ಕೇಳಿ, ಇಮೇಲಿನಲ್ಲಿ ಬರೆಸಿಕೊಳ್ಳಿ, ಬಿಲ್ಲು ಕಳಿಸಿ, ತಿಂಗಳಾದರೆ ನೆನಪು ಮಾಡಿ, ಸುಮ್ಮನೆ ಬರೆದುಕೊಡಿ ಅಂದವರಿಗೆ ನಗುತ್ತಾ ಇಲ್ಲ ಅನ್ನಿ, ಅಂತ ಅರ್ಧ ದಿನ ಪಾಠ ಹೇಳಿದರಂತೆ. ಕನ್ನಡ ಲೇಖಕರ ವಂಶದಲ್ಲೇ ಇಲ್ಲದ ವಿದ್ಯೆ ಇದು. ನಮ್ಮಲ್ಲಿ ದುಡ್ಡಿನ ಮಾತೆತ್ತಿದರೆ ಸರಸ್ವತಿ ಎದ್ದುಹೋಗುತ್ತಾಳೆ ಅನ್ನುವ ನಂಬಿಕೆ. ಸಂಘಟಕರಿಗೂ ಅದೇ ನಂಬಿಕೆ, ಅವರದು ಇನ್ನೂ ಗಟ್ಟಿ.

ಈ ಪಾಠವನ್ನು ಮಗಳು ಎಷ್ಟು ಕಲಿತಿದ್ದಾಳೆ ಅನ್ನುವುದು ಮೊನ್ನೆ ಗೊತ್ತಾಯಿತು. ದೊಡ್ಡಪ್ಪ ಸೊಸೈಟಿಯ ಹಿರಿಯ ಸದಸ್ಯರು. ಸೊರಬದ ಕಡೆಯ ಅವರ ಬೀಗರ ಊರಿನ ಸೊಸೈಟಿಯಲ್ಲಿ ವಾರ್ಷಿಕ ಸಭೆ, ಎಲೆಚುಕ್ಕಿ ರೋಗದ ಮೇಲೆ ಯಾರಾದರೂ ನಾಲ್ಕು ಮಾತು ಹೇಳಬೇಕು ಅಂತ ಕೇಳಿದ್ದರಂತೆ. ದೊಡ್ಡಪ್ಪ ಯಾರನ್ನೂ ಕೇಳದೆ ಮೊಮ್ಮಗಳ ಹೆಸರು ಕೊಟ್ಟು ಬಂದಿದ್ದರು. ಮಾತಾಡುವುದಕ್ಕೆ ಫೀಸಾ ಅಂದಿದ್ದವರು ಇವರೇ.

“ಆಯ್ತು ಅಜ್ಜ, ಹೋಗ್ತೀನಿ. ಸಂಭಾವನೆ ಎಷ್ಟು?”

“ಸಂಭಾವನೆಯಾ? ನಮ್ಮೋರ ಊರು ಕಣೆ! ಶಾಲು ಹೊದಿಸ್ತಾರೆ, ಹಾರ ಹಾಕ್ತಾರೆ, ಹಣ್ಣಿನ ಬುಟ್ಟಿ ಕೊಡ್ತಾರೆ. ಊಟಕ್ಕೆ ಹೋಳಿಗೆ ಮಾಡ್ಸಿದಾರೆ.”

“ಹೋಳಿಗೆ ಇರ್ಲಿ. ಶಾಲು, ಬುಟ್ಟಿಯ ದುಡ್ಡನ್ನ ಕವರಲ್ಲಿ ಹಾಕಿ ಕೊಡೋಕೆ ಹೇಳಿ. ಎರಡು ದಿನ ಓದಿ ತಯಾರಾಗ್ಬೇಕು, ಒಂದು ದಿನ ಹೋಗಿ ಬರ್ಬೇಕು. ಬಸ್ ಚಾರ್ಜು ಬೇರೆ.”

ದೊಡ್ಡಪ್ಪನ ಮುಖ ಅರಳಿತು, ಹುಡುಗಿ ಕಡೆಗೂ ಕೈಗೆ ಸಿಕ್ಕಳು ಅನ್ನುವ ಖುಷಿ. “ಬಸ್ ಚಾರ್ಜಾ? ನಿಮಗೆ ಹೆಂಗಸರಿಗೆ ಸರ್ಕಾರ ಫ್ರೀ ಬಿಟ್ಟಿದೆಯಲ್ಲ?”

“ಅದು ಗೌರ್ಮೆಂಟ್ ಬಸ್ಸಿಗೆ ಅಜ್ಜ. ಬೆಳಿಗ್ಗೆ ಆ ಹೊತ್ತಿಗೆ ಸೊರಬಕ್ಕೆ ಸಿಗೋದು ಪ್ರೈವೇಟ್ ಬಸ್ಸು.”

ದೊಡ್ಡಪ್ಪ ಸ್ವಲ್ಪ ಯೋಚಿಸಿ, “ಬೀಗರಿಗೆ ಫೋನ್ ಹಚ್ಚು” ಅಂದರು. “ದುಡ್ಡಿನ ಮಾತು ನೀನೇ ಆಡು. ತರಬೇತಿ ಆಗಿರೋದು ನಿಂಗೆ.”